ಶಹಾಬಾದ ಕಲ್ಲಿನ ನೀರು, ಬೇಯದ ರಾಜ್ಮಾ

ಅಮೆರಿಕದ ಟೆಕ್ಸಾಸ್‌ನವರು ‘ಚಿಲ್ಲಿ’ ಎನ್ನುವುದು ಮಾಂಸ ಮತ್ತು ಒಣಮೆಣಸಿನಕಾಯಿಯ ಗಟ್ಟಿ ಪಲ್ಯಕ್ಕೆ. 1977ರಲ್ಲಿ ಆ ರಾಜ್ಯ ಅದನ್ನು ತನ್ನ ಅಧಿಕೃತ ಖಾದ್ಯವೆಂದು ಘೋಷಿಸಿತು. ಮಾಂಸ ಬಿಟ್ಟು ರಾಜ್ಮಾ ಹಾಕಿ ಅದನ್ನೇ ಕಲಬುರಗಿಯಲ್ಲಿ ಮಾಡಹೊರಟರೆ ಕೈಕೊಡುವುದು ಖಾರವಲ್ಲ, ಕಾಳು. ತಾಸುಗಟ್ಟಲೆ ಕುದಿಸಿದರೂ ಹಲ್ಲಿಗೆ ಗಟ್ಟಿ. ಆಗ ಬೈಗುಳ ತಿನ್ನುವವರು ಕಿರಾಣಿ ಅಂಗಡಿಯವರು, ಇಲ್ಲವೇ ಉಪ್ಪು ಮೊದಲೇ ಹಾಕಿದವರು. ಉಪ್ಪಿನ ಮೇಲಿನ ಈ ಆರೋಪಕ್ಕೆ ಬುಡವೇ ಇಲ್ಲ. ಆದರೆ “ಈ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ ನೋಡವ್ವಾ” ಎನ್ನುತ್ತಾರಲ್ಲ ನಮ್ಮ ಹಿರಿಯರು, ಆ ಮಾತು ಅಪ್ಪಟ ವಿಜ್ಞಾನ.

ಕಾಳಿನ ಒಂದು ಜೀವಕೋಶವನ್ನು ಇನ್ನೊಂದಕ್ಕೆ ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಕಲಬುರಗಿ ಕೋಟೆಯ ಗೋಡೆ ನೆನೆಸಿಕೊಳ್ಳಿ. ಕಲ್ಲುಗಳು ಕೋಶಗಳಾದರೆ ನಡುವಿನ ಗಾರೆಯೇ ಪೆಕ್ಟಿನ್. ಕಾಳು ಬೆಂದಿತೆಂದರೆ ಕಲ್ಲು ಕರಗಿತು ಎಂದಲ್ಲ, ಗಾರೆ ಸಡಿಲಾಯಿತು ಎಂದು. ಗಾರೆಗೆ ಬಿಗಿ ಕೊಡುವುದು ಸುಣ್ಣ. ಪೆಕ್ಟಿನ್ನಿಗೆ ಬಿಗಿ ಕೊಡುವುದು ಅದೇ ಸುಣ್ಣದೊಳಗಿನ ಕ್ಯಾಲ್ಸಿಯಂ! ಅದರ ಅಯಾನಿಗೆ ಎರಡು ಧನ ವಿದ್ಯುದಂಶ ಇರುವುದರಿಂದ ಎರಡು ಪೆಕ್ಟಿನ್ ಸರಪಳಿಗಳನ್ನು ಒಟ್ಟಿಗೆ ಬಿಗಿಯುತ್ತದೆ. ಸೋಡಿಯಂಗಿರುವುದು ಒಂದೇ. ಕ್ಯಾಲ್ಸಿಯಂ ಜಾಗಕ್ಕೆ ಅದು ಬಂದು ಕೂತರೆ ಸರಪಳಿಗಳು ಬಿಡಿಬಿಡಿಯಾಗುತ್ತವೆ. ಅಂದರೆ ನೆನೆಹಾಕುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಬಿದ್ದರೆ ಕಾಳು ಬೇಗ ಮೆತ್ತಗಾಗುತ್ತದೆ, ಸಿಪ್ಪೆಯೂ ಹರಿಯುವುದಿಲ್ಲ.

ನೀರಿಗೆ ಕ್ಯಾಲ್ಸಿಯಂ ಬರುವುದು ನಮ್ಮ ಕಾಲಡಿಯಿಂದಲೇ. ಶಹಾಬಾದ, ಚಿತ್ತಾಪುರ, ಸೇಡಂ ನೆಲದಡಿ ಸುಣ್ಣಕಲ್ಲಿನ ಹಾಸಿದೆ. ಮನೆಗೆ ಹಾಕುವ ಫರಸಿ ಅದೇ, ವಾಡಿಯ ಸಿಮೆಂಟಿಗೆ ಬೇಕಾಗುವುದೂ ಅದೇ. ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಈ ಕಲ್ಲನ್ನು ಒಂದಿಷ್ಟು ಒಂದಿಷ್ಟೇ ಕರಗಿಸುತ್ತ ಬಾವಿ ಸೇರುತ್ತದೆ. ಅದೇ ನೀರು ಕುದಿದಾಗ ಅನಿಲ ಹಾರಿಹೋಗಿ, ಕರಗಿದ್ದ ಕಲ್ಲು ಬಿಳಿ ಪದರವಾಗಿ ಪಾತ್ರೆಯ ತಳ ಹಿಡಿಯುತ್ತದೆ. ಆದ್ದರಿಂದ ನೀರನ್ನು ಮೊದಲೇ ಕುದಿಸಿ, ಆರಿಸಿ, ಮೇಲಿನ ತಿಳಿಯಲ್ಲಿ ರಾಜ್ಮಾ ರಾತ್ರಿಯಿಡೀ ನೆನೆಸಿ. ತಿನ್ನುವ ಸೋಡಾ ಚಿಟಿಕೆ ಸಾಕು; ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ.

ಇನ್ನು ಹುಳಿ. ಆಮ್ಲದಲ್ಲಿ ಪೆಕ್ಟಿನ್ ಸುಲಭಕ್ಕೆ ಒಡೆಯುವುದಿಲ್ಲ. ಟೊಮೆಟೊ, ಹುಣಸಿಹಣ್ಣು ಹಾಕುವುದಿದ್ದರೆ ಕಾಳು ಪೂರ್ತಿ ಬೆಂದ ಮೇಲೆಯೇ. ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಬಳ್ಳೊಳ್ಳಿ, ಜೀರಿಗೆ, ಬ್ಯಾಡಗಿ ಖಾರ, ಟೊಮೆಟೊ ಕೂಡಿಸಿ ಚೆನ್ನಾಗಿ ಬತ್ತಿಸಿ. ಮಾಂಸದ ರುಚಿಗೆ ಕಾರಣವಾದ ಗ್ಲುಟಮೇಟ್ ಮಾಗಿದ ಟೊಮೆಟೊದಲ್ಲಿ ಧಾರಾಳವಾಗಿದೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಗುರುತಿಸಿದ್ದು ಇದೇ ರುಚಿಯನ್ನು. ಬೆಂದ ರಾಜ್ಮಾ ಸೇರಿಸಿ ಸಣ್ಣ ಉರಿಯಲ್ಲಿ ಅರ್ಧ ತಾಸು ಇಟ್ಟರಾಯಿತು. ಜೋಡಿಗೆ ಬಿಸಿ ಜೋಳದ ರೊಟ್ಟಿ.

ಈ ಬೋಗುಣಿಯಲ್ಲಿ ಕೂಡಿದ ಮೆಣಸಿನಕಾಯಿ, ಟೊಮೆಟೊ, ರಾಜ್ಮಾ ಮೂರೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗು ಕೇರಳದ ತೀರ ಮುಟ್ಟಿದ್ದು 1498ರಲ್ಲಿ. ಅದಕ್ಕೂ ಮೊದಲೇ, 1422ರಲ್ಲಿ, ಆಳ್ವಿಕೆ ಮುಗಿದ ಫಿರೋಜ್ ಶಹಾ ಬಹಮನಿಯ ಊಟದಲ್ಲಿ ಖಾರವೆಂದರೆ ಕರಿಮೆಣಸು, ಶುಂಠಿ. ಕೆಂಪು ಖಾರವಿಲ್ಲದ ಕಲಬುರಗಿ ಊಟ! ತೊಗರಿ ಮಾತ್ರ ಈ ನೆಲದ್ದೇ ಬೆಳೆ. ಕಲಬುರಗಿ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ತೊಗರಿ ಬೇಯಿಸಿದ ಅಭ್ಯಾಸದಲ್ಲಿ ರಾಜ್ಮಾ ಬೇಯಿಸಬಾರದು ಎಂಬುದನ್ನು ಒತ್ತಿ ಹೇಳಲೇಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ತಾಸಿನಲ್ಲಿ ವಾಂತಿ, ಭೇದಿ ಶುರುವಾಗಬಹುದು. 80 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ಸಾಯುವುದಿಲ್ಲ, ಅರೆಬೆಂದಾಗ ಹೆಚ್ಚು ಅಪಾಯಕಾರಿಯೂ ಆಗಬಹುದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ; ಕನಿಷ್ಠ 10 ನಿಮಿಷ, 30 ನಿಮಿಷವಾದರೆ ನಿಶ್ಚಿಂತೆ. ಆಮೇಲೆಯೇ ಉರಿ ಸಣ್ಣ ಮಾಡಬೇಕು. ಕುಕ್ಕರಿನಲ್ಲಿ ಸೀಟಿ ಹೊಡೆಸುವವರಿಗೆ ಈ ಭಯವಿಲ್ಲ.