ಎವರ್ಟನ್ ಎಡವಿದ್ದು ಎಲ್ಲಿ? ಆಡಳಿತ ಮತ್ತು ಆಟಗಾರರ ಖರೀದಿ: ಒಂದು ಅಧ್ಯಯನ ಟಿಪ್ಪಣಿ

ದುಡ್ಡಿಲ್ಲದೆ ಮುಳುಗಿದ ಫುಟ್‌ಬಾಲ್ ಕ್ಲಬ್‌ಗಳು ಬೇಕಾದಷ್ಟಿವೆ. ಎವರ್ಟನ್ ಕೆಟ್ಟಿದ್ದು ದುಡ್ಡು ಬಂದ ಮೇಲೆ. ಅದಕ್ಕೇ ಆಡಳಿತ ಓದುವವರಿಗೆ ಇದು ಒಳ್ಳೆಯ ಉದಾಹರಣೆ.

2016ರ ಫೆಬ್ರವರಿಯಲ್ಲಿ ಉದ್ಯಮಿ ಫರ್ಹಾದ್ ಮೊಶಿರಿ ಆರ್ಸೆನಲ್‌ನಲ್ಲಿದ್ದ ತಮ್ಮ ಪಾಲು ಮಾರಿ, ಲಿವರ್‌ಪೂಲ್ ನಗರದ ಈ ಹಳೆಯ ಕ್ಲಬ್‌ನ 49.9% ಷೇರು ಕೊಂಡರು. 2023ರ ನವೆಂಬರ್‌ನಲ್ಲಿ, ಹಣಕಾಸು ನಿಯಮ ಮುರಿದಿದ್ದಕ್ಕೆ ಅದೇ ಕ್ಲಬ್‌ನ 10 ಅಂಕ ಹೋಯಿತು. ಇಂಗ್ಲೆಂಡ್‌ನ ಅಗ್ರ ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಅಂಕ ಕಡಿತವಾಗಿರಲಿಲ್ಲ. ಈ ಎರಡು ದಿನಾಂಕಗಳ ನಡುವೆ ಏನಾಯಿತು ಅನ್ನುವುದೇ ನಮ್ಮ ಪಾಠ.

ಸಾಮಾನ್ಯವಾಗಿ ಸಿಗುವ ಉತ್ತರ: "ಕೆಟ್ಟ ಆಟಗಾರರನ್ನು ಕೊಂಡರು." ಇದು ಅರ್ಧ ಉತ್ತರ. ಯಾವ ಕ್ಲಬ್ ಕೊಳ್ಳಲ್ಲ ಹೇಳಿ? ಎಲ್ಲರಿಗೂ ಒಂದೆರಡು ಕೈಕೊಡುತ್ತವೆ. ಎವರ್ಟನ್‌ನಲ್ಲಿ ಯಾರನ್ನು ಕೊಳ್ಳಬೇಕು ಎಂಬುದರಲ್ಲಿ ಕೊನೆಯ ಮಾತು ಯಾರದು ಎಂದೇ ತೀರ್ಮಾನವಾಗಿರಲಿಲ್ಲ. ಉಳಿದ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿದವು ಎನ್ನುವುದು ನನ್ನ ವಾದ.

2017ರ ಬೇಸಿಗೆ: ನಿಧಾನವಾಗಿ ನೋಡಬೇಕಾದ ಭಾಗ

ಮೊದಲು ಹಿನ್ನೆಲೆ. 2016-17ರಲ್ಲಿ ರೊನಾಲ್ಡ್ ಕೂಮನ್ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್. ತಂಡ ಲೀಗ್‌ನಲ್ಲಿ 7ನೇ ಸ್ಥಾನ ಪಡೆಯಿತು. ಹೊಡೆದ ಗೋಲು 62. ಅದರಲ್ಲಿ 25 ಒಬ್ಬನೇ ರೊಮೆಲು ಲುಕಾಕುವಿನದು. ಆ ಬೇಸಿಗೆಯಲ್ಲಿ ಲುಕಾಕು ಸುಮಾರು 7.5 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಅವನು ಹೋಗುತ್ತಾನೆ ಅನ್ನುವುದು ತಿಂಗಳುಗಳಿಂದ ಗೊತ್ತಿತ್ತು. ಅಂದರೆ ಹುಡುಕಲು ಸಮಯ ಇತ್ತು, ಕೈಯಲ್ಲಿ ಕಾಸೂ ಇತ್ತು. ಬೇಕಿದ್ದದ್ದು ಒಬ್ಬ ಸ್ಟ್ರೈಕರ್, ಮುಂದೆ ನಿಂತು ಗೋಲು ಹೊಡೆಯುವವನು.

ಬಂದವರು ಯಾರು? ಆಯಾಕ್ಸ್‌ನ ನಾಯಕ ಡೇವಿ ಕ್ಲಾಸೆನ್, ಸುಮಾರು 2.36 ಕೋಟಿ ಪೌಂಡ್. ಸ್ವಾನ್ಸಿಯಿಂದ ಗಿಲ್ಫಿ ಸಿಗುರ್ಡ್ಸನ್, ಸುಮಾರು 4.5 ಕೋಟಿ, ಅದು ಕ್ಲಬ್‌ನ ದಾಖಲೆ ಮೊತ್ತ. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ವೇಯ್ನ್ ರೂನಿ ಮರಳಿ ಮನೆಗೆ, ವರ್ಗಾವಣೆ ಶುಲ್ಕವಿಲ್ಲದೆ. ಮೂವರೂ ಇಷ್ಟಪಟ್ಟು ಆಡುವ ಜಾಗ ಒಂದೇ: ಸ್ಟ್ರೈಕರ್ ಹಿಂದಿನ 'ನಂಬರ್ 10' ಜಾಗ. ಸಾಲದು ಅಂತ ಆಗಸ್ಟ್ ಕೊನೆಗೆ ನಿಕೊಲಾ ವ್ಲಾಸಿಚ್ ಕೂಡ ಬಂದ. ಅವನೂ ಹೆಚ್ಚುಕಡಿಮೆ ಅದೇ ಜಾಗದವನು.

ಪಾಸ್ ಕೊಡುವವರು ಸಾಲುಗಟ್ಟಿ ನಿಂತರು, ಪಾಸ್ ಹಿಡಿದು ಗೋಲಿನತ್ತ ಓಡುವವನೇ ಇಲ್ಲ! ಕೂಮನ್‌ಗೆ ಒಲಿವಿಯೆ ಜಿರೂ ಬೇಕಿತ್ತು. ಆತ ಆರ್ಸೆನಲ್ ಬಿಟ್ಟು ಬರಲಿಲ್ಲ. ಮಲಗಾದಿಂದ ಕಡಿಮೆ ಬೆಲೆಗೆ ಬಂದ ಸಾಂಡ್ರೊ ರಮಿರೆಜ್ ಲೀಗ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಸಿಗುರ್ಡ್ಸನ್‌ನನ್ನು ಎಡ ಅಂಚಿಗೆ ತಳ್ಳಬೇಕಾಯಿತು. ದಾಖಲೆ ಬೆಲೆ ಕೊಟ್ಟು ತಂದವನನ್ನು ಅವನದಲ್ಲದ ಜಾಗದಲ್ಲಿ ಆಡಿಸುವುದು ಅಂದರೆ, ಕೊಳ್ಳುವಾಗ ಯಾರೂ ಹನ್ನೊಂದರ ಪಟ್ಟಿ ಬರೆದು ನೋಡಿಲ್ಲ ಅಂತಲೇ ಅರ್ಥ ಅಲ್ವಾ?

ಇನ್ನೂ ಒಂದು ಸಣ್ಣ ವಿಷಯ ನನಗೆ ಇದಕ್ಕಿಂತ ಜಾಸ್ತಿ ಹೇಳುತ್ತದೆ. ಎಡ ಬ್ಯಾಕ್ (ಎಡಗಡೆಯ ರಕ್ಷಣಾ ಆಟಗಾರ) ಲೈಟನ್ ಬೇನ್ಸ್‌ಗೆ ಆಗ 32 ವರ್ಷ. ಅವರ ಜಾಗಕ್ಕೆ ಸರಿಯಾದ ಬದಲಿ ಆಟಗಾರನನ್ನು ತರಲಿಲ್ಲ. ಬೇನ್ಸ್ ಗಾಯಗೊಂಡಾಗ ಬಲ ಬ್ಯಾಕ್ ಕುಕೊ ಮಾರ್ಟಿನಾ ಎಡಕ್ಕೆ ಬಂದು ಆಡಿದರು. ಆ ಬೇಸಿಗೆಯ ಖರ್ಚು ಎಲ್ಲ ಸೇರಿ ಸುಮಾರು 15 ಕೋಟಿ ಪೌಂಡ್. ಎಡ ಬ್ಯಾಕ್‌ಗೆ ಮಾತ್ರ ಕಾಸಿಲ್ಲ.

ಫಲಿತಾಂಶ ಬೇಗ ಹೇಳಿಬಿಡುತ್ತೇನೆ. ಅಕ್ಟೋಬರ್‌ನಲ್ಲಿ ಆರ್ಸೆನಲ್ ಎದುರು ತವರಿನಲ್ಲಿ 2-5 ಸೋಲು, ತಂಡ 18ನೇ ಸ್ಥಾನದಲ್ಲಿ, ಕೂಮನ್ ವಜಾ. ಆ ಸೀಸನ್‌ನಲ್ಲಿ ಎವರ್ಟನ್ ಹೊಡೆದ ಗೋಲು 44. ಕ್ಲಾಸೆನ್ ಲೀಗ್‌ನಲ್ಲಿ ಆಡಿದ್ದು ಬರೀ 7 ಪಂದ್ಯ.

ಹೀಗೆ ಕೊಂಡಿದ್ದು ಯಾರು?

ಕಾಗದದ ಮೇಲೆ ಉತ್ತರ ಸುಲಭ. ಸ್ಟೀವ್ ವಾಲ್ಷ್ ಎಂಬುವರು ಫುಟ್‌ಬಾಲ್ ನಿರ್ದೇಶಕರಾಗಿದ್ದರು. ಲೆಸ್ಟರ್‌ನಲ್ಲಿ ಜೇಮಿ ವಾರ್ಡಿ, ರಿಯಾದ್ ಮಹ್ರೆಜ್, ಎನ್ಗೊಲೊ ಕಾಂಟೆ ಅವರನ್ನು ಹುಡುಕಿದ ಹೆಸರು ಅವರಿಗಿತ್ತು. ಫುಟ್‌ಬಾಲ್ ನಿರ್ದೇಶಕ ಅಂದರೆ, ಮ್ಯಾನೇಜರ್ ಬದಲಾದರೂ ತಂಡ ಕಟ್ಟುವ ದಾರಿ ಬದಲಾಗದಂತೆ ನೋಡಿಕೊಳ್ಳುವವರು. ಆದರೆ ಎವರ್ಟನ್‌ನಲ್ಲಿ ಅವರ ಜೊತೆ ಮ್ಯಾನೇಜರ್‌ಗೂ ಒಂದು ಪಟ್ಟಿ ಇತ್ತು. ಮಾಲೀಕರಿಗೂ ಇಷ್ಟದ ಹೆಸರುಗಳಿದ್ದವು. ಅಧ್ಯಕ್ಷ ಬಿಲ್ ಕೆನ್‌ರೈಟ್ ಅವರ ಮಾತಿಗೂ ತೂಕವಿತ್ತು. ನಾಲ್ಕು ಜನ ಒಟ್ಟಿಗೆ ಸ್ಟೇರಿಂಗ್ ಹಿಡಿದ ಬಸ್ಸು ಹೇಗೆ ಹೋಗುತ್ತದೋ ಹಾಗೆ. ಒಂದೇ ಜಾಗಕ್ಕೆ ಮೂವರು ಬಂದದ್ದು ಯಾಕೆ ಅಂತ ಈಗ ಊಹಿಸಬಹುದು.

(ತಾನು ಹೇಳಿದವರನ್ನು ಕ್ಲಬ್ ಕೊಳ್ಳಲಿಲ್ಲ ಎಂದು ವಾಲ್ಷ್ ಆಮೇಲೆ ಹೇಳಿಕೊಂಡಿದ್ದಾರೆ. ಇಂಥ 'ಕೈತಪ್ಪಿದ ಮಾಣಿಕ್ಯಗಳ' ಪಟ್ಟಿ ಆಟಗಾರರನ್ನು ಹುಡುಕುವ ಪ್ರತಿಯೊಬ್ಬ ಸ್ಕೌಟ್ ಜೇಬಿನಲ್ಲೂ ಇರುತ್ತದೆ, ಅದನ್ನು ಪೂರ್ತಿ ನಂಬದೆ ಓದಿ.)

2018ರಲ್ಲಿ ವಾಲ್ಷ್ ಹೋಗಿ ಮಾರ್ಸೆಲ್ ಬ್ರಾಂಡ್ಸ್ ಬಂದರು. ನೆದರ್‌ಲ್ಯಾಂಡ್ಸ್‌ನ ಪಿಎಸ್‌ವಿ ಕ್ಲಬ್‌ನಲ್ಲಿ ಒಳ್ಳೆಯ ಕೆಲಸ ಮಾಡಿದವರು. ಲೂಕಾ ದಿನ್ಯೆ, ರಿಚಾರ್ಲಿಸನ್ ಬಂದದ್ದು ಅವರ ಕಾಲದಲ್ಲಿ, ಅವು ಒಳ್ಳೆಯ ಖರೀದಿಗಳೇ. 2021ರ ಡಿಸೆಂಬರ್ 1ರಂದು ಅದೇ ನಗರದ ಎದುರಾಳಿ ಕ್ಲಬ್ ಲಿವರ್‌ಪೂಲ್ ಎದುರು ತವರಿನಲ್ಲೇ 1-4 ಸೋಲಾಯಿತು. ಆಗ ಗ್ಯಾಲರಿಯಲ್ಲಿ ಒಬ್ಬ ಅಭಿಮಾನಿ ಬ್ರಾಂಡ್ಸ್ ಕಡೆ ತಿರುಗಿ, ಈ ಆಟಗಾರರನ್ನು ತಂದಿದ್ದು ನೀವೇನಾ ಎಂದು ಕೂಗಿದ. ಬರೀ ಆಟಗಾರರದ್ದೇ ತಪ್ಪಾ ಎಂಬಂತೆ ಬ್ರಾಂಡ್ಸ್ ತಿರುಗಿ ಕೇಳಿದರು. ಕೆಲವೇ ದಿನಗಳಲ್ಲಿ ಅವರೂ ಕ್ಲಬ್ ಬಿಟ್ಟರು. ಆ ಒಂದು ಮರುಪ್ರಶ್ನೆಯಲ್ಲಿ ನಮ್ಮ ಇಡೀ ಅಧ್ಯಾಯ ಇದೆ ಅಂತ ನನಗನಿಸುತ್ತದೆ.

ಮುಂದಿನ ತಿಂಗಳು ನಡೆದದ್ದು ಇನ್ನೂ ವಿಚಿತ್ರ. ಆಗಿನ ಮ್ಯಾನೇಜರ್ ರಫಾ ಬೆನಿಟೆಜ್‌ಗೂ ದಿನ್ಯೆಗೂ ಸರಿಹೋಗಲಿಲ್ಲ. ಕ್ಲಬ್ ಮ್ಯಾನೇಜರ್ ಪರ ನಿಂತು, ಜನವರಿ 13ರಂದು ದಿನ್ಯೆಯನ್ನು ಆಸ್ಟನ್ ವಿಲ್ಲಾಗೆ ಮಾರಿತು. ಜನವರಿ 15ರಂದು ನಾರ್ವಿಚ್ ಎದುರು ಸೋಲು. ಜನವರಿ 16ರಂದು ಬೆನಿಟೆಜ್ ವಜಾ! ಮೂರು ದಿನದೊಳಗೆ ಆಟಗಾರನೂ ಇಲ್ಲ, ಅವನನ್ನು ಬೇಡ ಅಂದವರೂ ಇಲ್ಲ. ಅಂದಹಾಗೆ ಬೆನಿಟೆಜ್ ಹಿಂದೆ ಲಿವರ್‌ಪೂಲ್‌ನ ಮ್ಯಾನೇಜರ್ ಆಗಿದ್ದವರು. ಎದುರಾಳಿ ಪಾಳಯದ ಮನುಷ್ಯನನ್ನು ತಂದರೆ ಮೊದಲ ಸೋಲಿಗೇ ಗ್ಯಾಲರಿ ತಿರುಗಿ ಬೀಳುತ್ತದೆ ಎಂದು ಊಹಿಸಲು ಯಾವ ಡೇಟಾ ವಿಶ್ಲೇಷಣೆಯೂ ಬೇಕಿರಲಿಲ್ಲ.

ಎರಡು ಗಡಿಯಾರಗಳ ಲೆಕ್ಕ

ಕೂಮನ್, ಅಲ್ಲರ್ಡೈಸ್, ಮಾರ್ಕೊ ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪಾರ್ಡ್. 2016ರ ಜೂನ್‌ನಿಂದ 2023ರ ಜನವರಿವರೆಗೆ ಆರು ಮಂದಿ ಮ್ಯಾನೇಜರ್‌ಗಳು. ತಲಾ ಒಂದು ವರ್ಷ ಚಿಲ್ಲರೆ. ಆಟಗಾರನ ಒಪ್ಪಂದ ಮಾತ್ರ ನಾಲ್ಕೈದು ವರ್ಷದ್ದು. ಮ್ಯಾನೇಜರ್ ಹೇಳಿದಂತೆ ಕೊಂಡರೆ, ಆತ ಹೋದ ಮೇಲೂ ಮೂರು ವರ್ಷ ಆ ಸಂಬಳ ಕಟ್ಟಬೇಕು.

ಚೆಂಕ್ ತೋಸುನ್ ಇದಕ್ಕೆ ಸರಿಯಾದ ಉದಾಹರಣೆ. 2018ರ ಜನವರಿಯಲ್ಲಿ ಅಲ್ಲರ್ಡೈಸ್ ಇದ್ದಾಗ, ಸುಮಾರು 2.7 ಕೋಟಿ ಪೌಂಡ್‌ಗೆ, ನಾಲ್ಕೂವರೆ ವರ್ಷದ ಒಪ್ಪಂದದ ಮೇಲೆ ಬಂದ. ಅದೇ ವರ್ಷ ಮೇನಲ್ಲಿ ಅಲ್ಲರ್ಡೈಸ್ ಹೋದರು. ತೋಸುನ್ ಹೋಗಿದ್ದು 2022ರಲ್ಲಿ, ಒಪ್ಪಂದ ಮುಗಿದ ಮೇಲೆ, ಒಂದು ಪೌಂಡೂ ತಾರದೆ. ನಡುವೆ ಎರಡು ಬಾರಿ ಎರವಲು ಆಟಗಾರನಾಗಿ ಬೇರೆ ಕ್ಲಬ್‌ಗೆ ಹೋಗಿ ಬಂದಿದ್ದ. ಹಾಮೆಸ್ ರೊಡ್ರಿಗೆಜ್ ಕಥೆಯೂ ಹೀಗೆಯೇ: ಆಂಚೆಲೊಟ್ಟಿಗಾಗಿ ಬಂದ, ಅವರು ರಿಯಲ್ ಮ್ಯಾಡ್ರಿಡ್‌ಗೆ ಹೋದ ಮೇಲೆ ಯಾರಿಗೂ ಬೇಡವಾದ.

ಲೆಕ್ಕದ ಪುಸ್ತಕದಲ್ಲಿ ಇದು ಹೇಗೆ ಕಾಣುತ್ತದೆ?

ಪರೀಕ್ಷೆಗೆ ಬೇಡವಾದರೂ ಇದನ್ನು ತಿಳಿದುಕೊಳ್ಳಿ. ಆಟಗಾರನಿಗೆ ಕೊಟ್ಟ ಶುಲ್ಕವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಸಿಗುರ್ಡ್ಸನ್‌ಗೆ 4.5 ಕೋಟಿ, ಐದು ವರ್ಷ. ಅಂದರೆ ವರ್ಷಕ್ಕೆ 90 ಲಕ್ಷ ಪೌಂಡ್ ಖರ್ಚು, ಸಂಬಳ ಬೇರೆ.

ಈಗ ಕ್ಲಾಸೆನ್ ನೋಡಿ. 2.36 ಕೋಟಿ, ಐದು ವರ್ಷ. ಒಂದು ವರ್ಷ ಕಳೆದಾಗ ಪುಸ್ತಕದಲ್ಲಿ ಉಳಿದ ಬೆಲೆ ಸುಮಾರು 1.89 ಕೋಟಿ. ವೆರ್ಡರ್ ಬ್ರೆಮೆನ್‌ಗೆ ಮಾರಿದ್ದು ಸುಮಾರು 1.2 ಕೋಟಿಗೆ. ಮಾರಿದ ದಿನವೇ 70 ಲಕ್ಷದ ಹತ್ತಿರ ನಷ್ಟ ಬರೆಯಬೇಕು. ತಪ್ಪು ಖರೀದಿಯನ್ನು ಬೇಗ ತಿದ್ದಿಕೊಳ್ಳಲು ಕ್ಲಬ್‌ಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಸುಮ್ನೆ ಬೆಂಚ್ ಮೇಲೆ ಕೂರಿಸಿದರೆ ಆ ನಷ್ಟ ಒಮ್ಮೆಗೇ ಕಾಣುವುದಿಲ್ಲ.

2018-19ರಿಂದ ಮೂರು ವರ್ಷದಲ್ಲಿ ಕ್ಲಬ್ ತೋರಿಸಿದ ಒಟ್ಟು ನಷ್ಟ 37.26 ಕೋಟಿ ಪೌಂಡ್. ಲೀಗ್‌ನ ಆಗಿನ ನಿಯಮ ಮೂರು ವರ್ಷಕ್ಕೆ ಗರಿಷ್ಠ 10.5 ಕೋಟಿ ನಷ್ಟವನ್ನು ಮಾತ್ರ ಒಪ್ಪುತ್ತಿತ್ತು. ಅಕಾಡೆಮಿ (ಕ್ಲಬ್‌ನ ಕಿರಿಯರ ತರಬೇತಿ ಶಾಲೆ), ಮಹಿಳಾ ತಂಡ, ಕ್ರೀಡಾಂಗಣ ಕಟ್ಟುವ ಕೆಲವು ಖರ್ಚುಗಳನ್ನು ಕಳೆಯಬಹುದಿತ್ತು. ಕೋವಿಡ್‌ಗೂ ರಿಯಾಯಿತಿ ಇತ್ತು. ಇನ್ನೊಂದು ವರ್ಷ ಮುಂದೆ, 2021-22ಕ್ಕೆ ಮುಗಿದ ಅವಧಿಯಲ್ಲಿ ಇದೆಲ್ಲ ಕಳೆದ ಮೇಲೂ ಉಳಿದದ್ದು 12.45 ಕೋಟಿ. ಮಿತಿಗಿಂತ 1.95 ಕೋಟಿ ಜಾಸ್ತಿ. ಆ 10 ಅಂಕ ಹೋದದ್ದು ಇದಕ್ಕೇ.

ಆ ಸೀಸನ್‌ನಲ್ಲಿ 6ನೇ ಸ್ಥಾನ ಬರುತ್ತದೆಂದು ಕ್ಲಬ್ ಬಜೆಟ್ ಹಾಕಿತ್ತು. ಬಂದದ್ದು 16ನೇ ಸ್ಥಾನ. ಅದರಿಂದಲೇ ಸುಮಾರು 2 ಕೋಟಿ ಪೌಂಡ್ ಆದಾಯ ಹೋಯಿತು. ಹಿಂದಿನ ಸೀಸನ್‌ನಲ್ಲಿ 10ನೇ ಸ್ಥಾನದಲ್ಲಿದ್ದ, ಆಮೇಲೆ ಆಂಚೆಲೊಟ್ಟಿಯನ್ನೂ ಕಳೆದುಕೊಂಡ ತಂಡ 6ನೇ ಸ್ಥಾನದ ಆದಾಯ ನಂಬಿ ಖರ್ಚು ಮಾಡುವುದು ಧೈರ್ಯವೋ ಭಂಡತನವೋ, ನೀವೇ ಹೇಳಿ. ರಿಚಾರ್ಲಿಸನ್ ಟಾಟನ್‌ಹ್ಯಾಮ್‌ಗೆ ಹೋದದ್ದು 2022ರ ಜುಲೈ 1ರಂದು. ಕ್ಲಬ್‌ನ ಲೆಕ್ಕದ ವರ್ಷ ಮುಗಿದದ್ದು ಜೂನ್ 30ಕ್ಕೆ. ಆ ದೊಡ್ಡ ಮೊತ್ತ ಒಂದೇ ದಿನದಲ್ಲಿ ಮುಂದಿನ ವರ್ಷದ ಪುಸ್ತಕಕ್ಕೆ ಸೇರಿತು.

ಕ್ಲಬ್ ಪರವಾಗಿಯೂ ಒಂದು ಮಾತು ಹೇಳಬೇಕು. ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಕೋಟ್ಯಧಿಪತಿ ಅಲಿಶೇರ್ ಉಸ್ಮಾನೊವ್‌ಗೆ ಸಂಬಂಧಿಸಿದ ಕಂಪನಿಗಳ ಪ್ರಾಯೋಜಕತ್ವವನ್ನು 2022ರ ಮಾರ್ಚ್‌ನಲ್ಲಿ ನಿಲ್ಲಿಸಬೇಕಾಯಿತು. ಅದು ನಿಜವಾದ ಹೊಡೆತ. ಆದರೆ ಒಂದೇ ಕಡೆಯ ದುಡ್ಡಿನ ಮೇಲೆ ಅಷ್ಟು ಭಾರ ಹಾಕಿದ್ದು ಯಾರು? ಅದೂ ಆಡಳಿತದ ತೀರ್ಮಾನವೇ.

ಕಾಸಿಲ್ಲದಾಗ ಕೊಂಡವರು

2021ರ ಬೇಸಿಗೆಯಲ್ಲಿ ಖರ್ಚು ಮಾಡುವ ಹಾಗೇ ಇರಲಿಲ್ಲ. ಆಗ ಸುಮಾರು 17 ಲಕ್ಷ ಪೌಂಡ್‌ಗೆ ಬಂದ ಡಿಮರೈ ಗ್ರೇ, ಶುಲ್ಕವಿಲ್ಲದೆ ಬಂದ ಆಂಡ್ರೊಸ್ ಟೌನ್ಸೆಂಡ್ ಇಬ್ಬರೂ ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಆಡಿದರು. ಡೊಮಿನಿಕ್ ಕ್ಯಾಲ್ವರ್ಟ್-ಲೂಯಿನ್ 2016ರಲ್ಲಿ ಸುಮಾರು 15 ಲಕ್ಷಕ್ಕೆ ಬಂದವನು, 2020-21ರಲ್ಲಿ ಲೀಗ್‌ನಲ್ಲಿ 16 ಗೋಲು ಹೊಡೆದ. ಅಗ್ಗದ್ದೆಲ್ಲ ಒಳ್ಳೆಯದು ಅಂತಲ್ಲ. ಇವರನ್ನು ಕೊಳ್ಳುವಾಗ 'ಈ ಜಾಗಕ್ಕೆ ಇವನು' ಎಂಬ ಲೆಕ್ಕ ಇತ್ತು, ದೊಡ್ಡ ಹೆಸರಿನ ಮೋಹ ಇರಲಿಲ್ಲ.

ಕೊನೆಗೆ ಬಿಲ್ ಕಟ್ಟಿದವರು ಬೇರೆಯವರು. ಅಕಾಡೆಮಿಯಲ್ಲಿ ಬೆಳೆದ ಆಂಟನಿ ಗಾರ್ಡನ್ 2023ರ ಜನವರಿಯಲ್ಲಿ ಸುಮಾರು 4 ಕೋಟಿಗೆ ನ್ಯೂಕ್ಯಾಸಲ್‌ಗೆ ಹೋದ. ಅಕಾಡೆಮಿ ಹುಡುಗನಿಗೆ ಪುಸ್ತಕದಲ್ಲಿ ಉಳಿದ ಬೆಲೆಯೇ ಇರುವುದಿಲ್ಲ, ಬಂದದ್ದೆಲ್ಲ ಲಾಭ. ಅದಕ್ಕೇ ಲೆಕ್ಕ ಕೆಟ್ಟ ಕ್ಲಬ್ ಮೊದಲು ಮಾರುವುದು ಮನೆಯ ಮಕ್ಕಳನ್ನೇ. ಆ 10 ಅಂಕಗಳ ಶಿಕ್ಷೆ ಮೇಲ್ಮನವಿಯಲ್ಲಿ 6ಕ್ಕೆ ಇಳಿಯಿತು. ಮುಂದಿನ ಅವಧಿಯ ಉಲ್ಲಂಘನೆಗೆ ಇನ್ನೂ 2 ಹೋಯಿತು. 2023-24ರಲ್ಲಿ, ಲ್ಯಾಂಪಾರ್ಡ್ ನಂತರ ಮ್ಯಾನೇಜರ್ ಆದ ಶಾನ್ ಡೈಶ್ ಅವರ ತಂಡ ಮೈದಾನದಲ್ಲಿ ಗಳಿಸಿದ್ದು 48 ಅಂಕ. ಪಟ್ಟಿಯಲ್ಲಿ ಉಳಿದದ್ದು 40, ಸ್ಥಾನ 15ನೇದು.

ಅಭ್ಯಾಸಕ್ಕೆ: ನಿಮಗೆ ಗೊತ್ತಿರುವ ಯಾವುದಾದರೂ ಕ್ಲಬ್‌ನ ಐದು ವರ್ಷದ ಖರೀದಿ ಪಟ್ಟಿ ತೆಗೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಆಗಿನ ಮ್ಯಾನೇಜರ್ ಯಾರು, ಅವರು ಹೋದದ್ದು ಯಾವಾಗ, ಆಟಗಾರನ ಒಪ್ಪಂದ ಮುಗಿಯುವುದು ಯಾವಾಗ ಎಂದು ಬರೆಯಿರಿ. ಕೊನೆಯ ಎರಡು ದಿನಾಂಕಗಳ ನಡುವಿನ ಅಂತರವನ್ನು ವರ್ಷದ ಶುಲ್ಕ ಮತ್ತು ಸಂಬಳದಿಂದ ಗುಣಿಸಿ ನೋಡಿ.