ಸುತ್ತಿಗೆ ಎಲ್ಲಪ್ಪಾ?

ಊರ ಕಡೆ ನಮ್ಮಂಥ ಆರ್‌ಟಿಒ ವಾಹನ ಇನ್‌ಸ್ಪೆಕ್ಟರ್‌ಗಳನ್ನು ಬ್ರೇಕ್ ಇನ್‌ಸ್ಪೆಕ್ಟರ್ ಅನ್ನುತ್ತಾರೆ. ಹೆಸರೇನೋ ಬ್ರೇಕಿನದು. ಆದರೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಬಸ್ ಬಂದಾಗ ನಾನು ಮೊದಲು ಹೋಗುತ್ತಿದ್ದದ್ದು ಹಿಂದಕ್ಕೆ, ಎಮರ್ಜೆನ್ಸಿ ಬಾಗಿಲ ಹತ್ತಿರ. ಆ ದಿನ ಅದು ಬೆಣ್ಣೆಯ ಹಾಗೆ ತೆರೆಯುತ್ತದೆ. ಹಿಡಿಕೆಗೆ ಹೊಸ ಎಣ್ಣೆ ಬಿದ್ದಿರುತ್ತದೆ, ಪಕ್ಕದಲ್ಲಿ ಕಿಟಕಿ ಗಾಜು ಒಡೆಯುವ ಕೆಂಪು ಸುತ್ತಿಗೆ ನೇತಾಡುತ್ತಿರುತ್ತದೆ. ತಿಂಗಳಾದ ಮೇಲೆ ಅದೇ ಬಸ್ಸನ್ನು ರಾತ್ರಿ ರಸ್ತೆಯಲ್ಲಿ ನಿಲ್ಲಿಸಿ ನೋಡಿದರೆ ಬಾಗಿಲಿಗೆ ಅಡ್ಡವಾಗಿ ಕಂಬಳಿಯ ಗಂಟು, ನೀರಿನ ಬಾಟಲಿಯ ಬಾಕ್ಸು. ಒಮ್ಮೆಯಂತೂ ಅಲ್ಲಿ ಕ್ಲೀನರ್ ಹುಡುಗ ಹಾಸಿಗೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಎಫ್‌ಸಿ ಅನ್ನುವುದು ಆ ಒಂದು ದಿನದ ಮಾತು. ಉಳಿದ ದಿನಗಳಲ್ಲಿ ಆ ಬಾಗಿಲನ್ನು ನೋಡುವವರು ಯಾರು? ಟಿಕೆಟ್ ತಗೊಂಡ ನೀವೇ.

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಈಗಿನ ತೆಲಂಗಾಣದ ಪಾಲೆಂ ಹತ್ತಿರ ಮೋರಿಯ ಗೋಡೆಗೆ ಬಡಿಯಿತು. ಡೀಸೆಲ್ ಟ್ಯಾಂಕ್ ಒಡೆದು ಬೆಂಕಿ ಹತ್ತಿ 45 ಜನ ಹೋದರು. ಹದಿನೈದು ದಿನ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ನಮ್ಮ ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಹತ್ತಿರ ಮುಂಬೈ ಬಸ್ಸು ಸುಟ್ಟಿತು, 7 ಜನ. 2025ರ ಅಕ್ಟೋಬರ್ 24ರಂದು ಕರ್ನೂಲಿನ ಹತ್ತಿರ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸಿನ ಅಡಿಯಲ್ಲಿ ಬೈಕ್ ಸಿಕ್ಕಿಕೊಂಡು ಬೆಂಕಿ ಎದ್ದಿತು. ಮೂರೂ ಬೆಳಕು ಹರಿಯುವ ಮೊದಲೇ. ಮೂರರಲ್ಲೂ ಜನ ಗಾಢ ನಿದ್ದೆಯಲ್ಲಿದ್ದರು.

ಬಸ್ಸಿನ ಒಳಗೆ ಏನಿದೆ ನೋಡಿ. ಸ್ಪಂಜು, ರೆಕ್ಸಿನ್, ಪರದೆ, ಪ್ಲೈವುಡ್. ಎಲ್ಲವೂ ಉರಿಯುವ ಸಾಮಾನೇ. ಬೆಂಕಿ ಒಳಗೆ ಬಂದರೆ ಕೈಯಲ್ಲಿ ಉಳಿಯುವುದು ಒಂದೆರಡು ನಿಮಿಷ. ಆ ಹೊತ್ತಲ್ಲಿ ಹುಡುಕುತ್ತಾ ಕೂರಲು ಆಗಲ್ಲ, ದಾರಿ ಮೊದಲೇ ಗೊತ್ತಿರಬೇಕು.

ಜನರಿಗೆ ಜಾಸ್ತಿ ತಪ್ಪು ತಿಳುವಳಿಕೆ ಇರುವುದು ಗಾಜಿನ ಬಗ್ಗೆ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹೊಡೆದರೆ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಅದರ ಮೇಲೆ ಶಕ್ತಿ ಹಾಳು ಮಾಡಬೇಡಿ. ಪಕ್ಕದ ಕಿಟಕಿಗಳದ್ದು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಗಾಜು. ಅದು ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಪೂರ್ತಿ ಉದುರುತ್ತದೆ. ಆದರೆ ನಡುವೆ ಗುದ್ದಿದರೆ ಗಾಜು ಸ್ವಲ್ಪ ಬಾಗಿ ಪೆಟ್ಟನ್ನು ನುಂಗಿಬಿಡುತ್ತದೆ. ಅಂಗೈ, ಮೊಬೈಲ್, ಚಪ್ಪಲಿ ಯಾವುದೂ ನಡೆಯಲ್ಲ. ಸುತ್ತಿಗೆಯ ಚೂಪು ತುದಿಯಿಂದ ಮೂಲೆಗೆ, ಅಂಚಿನಿಂದ ನಾಲ್ಕು ಬೆರಳು ಒಳಗೆ ಹೊಡೆಯಿರಿ. ಆಮೇಲೆ ಅಂಚಿನಲ್ಲಿ ಉಳಿದ ಚೂರಿನ ಮೇಲೆ ಕಂಬಳಿ ಹಾಕಿ, ಕಾಲು ಮೊದಲು ಹೊರಗೆ ಬಿಟ್ಟು, ಅಂಚು ಹಿಡಿದು ಜೋತುಬಿದ್ದು ಇಳಿಯಿರಿ. ಅಪ್ಪರ್ ಬರ್ತಿನ ಕಿಟಕಿ ನೆಲದಿಂದ ಆಳೆತ್ತರಕ್ಕಿಂತ ಮೇಲಿರುತ್ತದೆ. ತಲೆ ಮುಂದಾಗಿ ಹಾರಿದವರು ಬೆಂಕಿಯಿಂದ ಉಳಿದರೂ ಕುತ್ತಿಗೆ ಮುರಿದುಕೊಳ್ಳುತ್ತಾರೆ.

ಅಪ್ಪರ್ ಬರ್ತಿನವರಿಗೆ ಇನ್ನೊಂದು ತೊಂದರೆ. ಹೊಗೆ ಮೊದಲು ತುಂಬುವುದು ಮೇಲೆಯೇ. ಎದ್ದು ಕೂತರೆ ತಲೆ ನೇರ ಹೊಗೆಯೊಳಗೆ ಹೋಗುತ್ತದೆ. ಮಲಗಿದ್ದ ಹಾಗೇ ಹೊರಳಿ ಕೆಳಗೆ ಜಾರಿ, ಬಗ್ಗಿಕೊಂಡೇ ಸಾಗಬೇಕು. ಕಣ್ಣು ಕಾಣದಿದ್ದರೆ ಕೈಯೇ ಕಣ್ಣು. ಅದಕ್ಕೇ ನಾನು ಹತ್ತಿದ ಕೂಡಲೇ ನನ್ನ ಜಾಗದಿಂದ ಎಮರ್ಜೆನ್ಸಿ ಬಾಗಿಲವರೆಗೆ ಎಷ್ಟು ಬರ್ತಿನ ಕಂಬ ಅಂತ ಮುಟ್ಟಿ ಎಣಿಸುತ್ತೇನೆ. ಚಪ್ಪಲಿ ಕಾಲ ಹತ್ತಿರ, ಮೊಬೈಲ್ ಜೇಬಿನಲ್ಲಿ. ಬ್ಯಾಗ್? ಅದು ಉರಿದು ಹೋಗಲಿ ಬಿಡಿ.

ಮುಂದಿನ ಬಾಗಿಲು ಗಾಳಿಯ ಒತ್ತಡದಿಂದ ನಡೆಯುವಂಥದ್ದಾದರೆ ಡ್ರೈವರ್ ಸ್ವಿಚ್ ಕೆಟ್ಟರೂ ದಾರಿ ಇದೆ. ಬಾಗಿಲ ಮೇಲೋ ಪಕ್ಕದಲ್ಲೋ ಸಣ್ಣ ಮುಚ್ಚಳದ ಹಿಂದೆ ಒಂದು ಕೆಂಪು ತಿರುಪು ಇರುತ್ತದೆ. ತಿರುಗಿಸಿದರೆ ಉಸ್ ಅಂತ ಗಾಳಿ ಹೋಗುತ್ತದೆ, ಬಾಗಿಲು ಕೈಗೆ ಸಡಿಲವಾಗುತ್ತದೆ. ಇದು ಎಷ್ಟೋ ಕ್ಲೀನರ್‌ಗಳಿಗೇ ಗೊತ್ತಿಲ್ಲ. ಇನ್ನು ಬಸ್ ಎಡಕ್ಕೆ ಮಗುಚಿದರೆ ಹತ್ತಿದ ಬಾಗಿಲು ನೆಲದ ಅಡಿ ಸೇರುತ್ತದೆ, ಬಲಬದಿಯ ಎಮರ್ಜೆನ್ಸಿ ಬಾಗಿಲು ಆಕಾಶ ನೋಡುತ್ತದೆ. ಆಗ ಸುಲಭದ ದಾರಿ ಅಂದರೆ ಚಾವಣಿಯ ಕಿಂಡಿ, ಯಾಕೆಂದರೆ ಈಗ ಅದು ನಿಮ್ಮ ಎದುರಿನ ಗೋಡೆಯಲ್ಲಿರುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ ಮೇಲೆ ತುಂಬ ಭರವಸೆ ಇಡಬೇಡಿ. ಸಣ್ಣದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಪಿನ್ ಎಳೆದು ಉರಿಯ ಬುಡಕ್ಕೆ ಹೊಡೆಯಬೇಕು, ಜ್ವಾಲೆಗಲ್ಲ. ಡೀಸೆಲ್ ಹತ್ತಿಕೊಂಡಿದ್ದರೆ ಅದನ್ನು ಬಿಟ್ಟು ಓಡುವುದೇ ಜಾಣತನ. ಬಲಬದಿಯಿಂದ ಇಳಿದರೆ ವೇಗದ ಲೇನ್ ಅಲ್ಲೇ ಇರುತ್ತದೆ, ಹಿಂದಿನಿಂದ ಬರುವ ಲಾರಿ ನೋಡಿಕೊಳ್ಳಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಎಲ್ಲಿದ್ದೀರಿ ಎಂದು ಕೇಳಿದಾಗ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿ. ಕಾಣದಿದ್ದರೆ ಕೊನೆಗೆ ದಾಟಿದ ಟೋಲ್ ಹೆಸರಾದರೂ ಹೇಳಿ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಿರಲ್ಲ, ಅಲ್ವಾ? ಹಾಗಾಗಿ ಮೊಬೈಲಿನ ಮ್ಯಾಪ್ ಹಾಕಿ ನೋಡಿ.

ನಾನು ಬಸ್ ಹತ್ತಿ ಪರದೆ ಸರಿಸಿ ಹಿಂದೆ ಮುಂದೆ ಓಡಾಡುವಾಗ ನನ್ನ ಹೆಂಡತಿಗೆ ಮುಜುಗರ. "ರಿಟೈರ್ ಆಗಿ ಐದು ವರ್ಷ ಆಯ್ತು, ಸುಮ್ನೆ ಕೂತ್ಕೊಳ್ರೀ" ಅನ್ನುತ್ತಾಳೆ. ಕಳೆದ ತಿಂಗಳು ಆನಂದರಾವ್ ಸರ್ಕಲ್‌ನಲ್ಲಿ ಹುಬ್ಬಳ್ಳಿ ಬಸ್ ಹತ್ತಿದೆವು. ನಮ್ಮ ಕಿಟಕಿಯ ಪಕ್ಕ ಸುತ್ತಿಗೆ ಸಿಗಿಸುವ ಪ್ಲಾಸ್ಟಿಕ್ ಕೊಕ್ಕೆ ಮಾತ್ರ ಇತ್ತು. ನಾನು ಏಳುವ ಮೊದಲೇ ಅವಳೇ ಕೂಗಿದಳು, "ಸುತ್ತಿಗೆ ಎಲ್ಲಪ್ಪಾ?" ಕ್ಲೀನರ್ ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಒಂದು ಚೀಲ ತೆಗೆದ. ಒಳಗೆ ನಾಲ್ಕೂ ಸುತ್ತಿಗೆ ಇದ್ದವು. "ಮಂದಿ ಕದ್ಕೊಂಡ್ ಹೋಗ್ತಾರ್ರೀ ಅಮ್ಮಾರ, ಅದಕ್ಕ ಜ್ವಾಪಾನ ಇಟ್ಟೀನಿ."

ನಾಲ್ಕನ್ನೂ ಅವುಗಳ ಜಾಗಕ್ಕೆ ಸಿಗಿಸಿಯೇ ಮಲಗಿದೆವು.