ಪದ ಪರಿಚಯ: ಸೂಪರ್‌ಹೀರೋ ಅನಿಮೇಷನ್

ಲ್ಯಾಟಿನ್ನಿನಲ್ಲಿ ‘ಅನಿಮಾ’ ಎಂದರೆ ಉಸಿರು, ಪ್ರಾಣ. ಅಲುಗದ ಗೆರೆಗೆ ಪ್ರಾಣ ತುಂಬುವುದೇ ಅನಿಮೇಷನ್. ನಮ್ಮ ಗುಡಿಗಳ ಮಾತಿನಲ್ಲಿ ಹೇಳುವುದಾದರೆ ಪ್ರಾಣಪ್ರತಿಷ್ಠೆ. ಅದಕ್ಕೆ ಸೂಪರ್‌ಹೀರೋ ಜೊತೆಯಾದರೆ, ಮನುಷ್ಯರನ್ನು ಮೀರಿದ ಬಲವುಳ್ಳವರ ಕಥೆಯನ್ನು ಬರೆದ ಅಥವಾ ಕಂಪ್ಯೂಟರಿನಲ್ಲಿ ಕಡೆದ ಚಿತ್ರಗಳಲ್ಲಿ ಹೇಳುವ ಸಿನಿಮಾ ಎಂದಾಯಿತು. ನಿಘಂಟಿಗೆ ಇಷ್ಟು ಸಾಕು. ಆದರೆ ಇದನ್ನು ‘ಮಕ್ಕಳ ಸಿನಿಮಾ’ ಎಂದು ಪಕ್ಕಕ್ಕಿಡುವವರೊಂದಿಗೆ ನನ್ನ ಜಗಳವಿದೆ.

ಕನ್ನಡದಲ್ಲಿ ‘ಮನೆಮಂದಿಯೆಲ್ಲ ಕುಳಿತು ನೋಡುವ ಚಿತ್ರ’ ಎಂಬ ಹಳೆಯ ಮಾತಿದೆ. ಅಪ್ಪನ ಪಕ್ಕದಲ್ಲಿ ಕುಳಿತು ಮುಜುಗರಪಡುವಂಥದ್ದೇನೂ ಇಲ್ಲ ಎಂಬಷ್ಟೇ ಅದರ ಭರವಸೆ. ಒಳ್ಳೆಯ ಸೂಪರ್‌ಹೀರೋ ಅನಿಮೇಷನ್ ಅಲ್ಲಿಗೆ ನಿಲ್ಲದೆ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಪಾಲು ಎತ್ತಿಡುತ್ತದೆ.

2004ರಲ್ಲಿ ಅಮೆರಿಕದ ಅನಿಮೇಷನ್ ಸಂಸ್ಥೆ ಪಿಕ್ಸಾರ್ ತಂದ ‘ದಿ ಇನ್‌ಕ್ರೆಡಿಬಲ್ಸ್’ ನೋಡಿ. ನಿರ್ದೇಶಕ ಬ್ರ್ಯಾಡ್ ಬರ್ಡ್ ಅಲ್ಲಿ ಶಕ್ತಿಗಳನ್ನು ಹಂಚಿರುವುದು ಮನೆಯ ಪಾತ್ರಗಳಿಗೆ ತಕ್ಕಂತೆ. ಎಲ್ಲವನ್ನೂ ಹೊರಬೇಕಾದ ಅಪ್ಪನಿಗೆ ತೋಳ್ಬಲ. ಹತ್ತು ಕಡೆ ಎಳೆದಾಡಿಸಿಕೊಳ್ಳುವ ಅಮ್ಮನಿಗೆ ರಬ್ಬರಿನ ಮೈ. ಕೂದಲಿನ ಹಿಂದೆ ಮುಖ ಮರೆಸಿಕೊಳ್ಳುವ ಹರೆಯದ ಮಗಳು ಕಣ್ಣಿಗೇ ಕಾಣದಂತಾಗಬಲ್ಲಳು. ಕುಳಿತಲ್ಲಿ ಕುಳಿತಿರಲಾಗದ ಮಗ ಮಿಂಚಿನಂತೆ ಓಡುತ್ತಾನೆ. ಕೂಸು ಮುಂದೆ ಏನಾದೀತೋ ಯಾರು ಬಲ್ಲರು, ಹಾಗಾಗಿ ಅದರ ಶಕ್ತಿಗೆ ಲೆಕ್ಕವಿಲ್ಲ. ಊಟದ ಮೇಜಿನಲ್ಲಿ ಮಕ್ಕಳು ಕಿತ್ತಾಡುತ್ತಾರೆ, ಅಮ್ಮ ಕೈಗಳನ್ನು ಉದ್ದಕ್ಕೆ ಚಾಚಿ ಇಬ್ಬರನ್ನೂ ಹಿಡಿಯುತ್ತಾಳೆ, ಅಪ್ಪ ಮೇಜನ್ನೇ ಮೇಲೆತ್ತುತ್ತಾನೆ. ಮಕ್ಕಳಿಗೆ ಅದು ಚಮತ್ಕಾರ. ವಿಮಾ ಕಚೇರಿಯ ಇಕ್ಕಟ್ಟಿನ ಕುರ್ಚಿಯಲ್ಲಿ ನವೆಯುವ ಆ ದೈತ್ಯ ಅಪ್ಪನನ್ನು ಕಂಡು ಹಿರಿಯರು ನಗುವ ನಗೆ ಬೇರೆಯದೇ.

ಇದನ್ನು ನಟರಿಂದ ಮಾಡಿಸಬಹುದಿತ್ತಲ್ಲ ಎನ್ನಬಹುದು. ನಿಜವಾದ ಹೆಂಗಸಿನ ತೋಳು ಅಡುಗೆಮನೆಯಿಂದ ಪಡಸಾಲೆಗೆ ಬೆಳೆದರೆ ಮಗು ಹೆದರಿ ಅಮ್ಮನ ಸೆರಗು ಹಿಡಿದೀತು. ಚಿತ್ರದ ಮೈ ಹೇಗೆ ಬಾಗಿದರೂ ಯಾರಿಗೂ ನೋವಾಗದು.

ಇನ್ನೊಂದು ಅನುಕೂಲ ವಯಸ್ಸಿನದು. ಎರಡನೆಯ ಭಾಗ ಬಂದದ್ದು 14 ವರ್ಷಗಳ ನಂತರ, 2018ರಲ್ಲಿ. ಆದರೂ ಕಥೆ ಆರಂಭವಾಗುವುದು ಮೊದಲನೆಯದು ಮುಗಿದ ಗಳಿಗೆಯಿಂದಲೇ. ಪರದೆಯ ಹುಡುಗ ಒಂದು ಅಂಗುಲವೂ ಬೆಳೆದಿಲ್ಲ. ಅವನಿಗೆ ದನಿ ಕೊಟ್ಟಿದ್ದ ಹುಡುಗ ಮಾತ್ರ ದೊಡ್ಡವನಾಗಿದ್ದರಿಂದ ಹೊಸ ದನಿ ಹುಡುಕಬೇಕಾಯಿತು. ಮೊದಲ ಭಾಗವನ್ನು ಅಪ್ಪ ಅಮ್ಮನ ನಡುವೆ ಕುಳಿತು ನೋಡಿದ್ದ ಮಕ್ಕಳೂ ಅಷ್ಟರಲ್ಲಿ ಬೆಳೆದುಬಿಟ್ಟಿದ್ದರು.

ದನಿಯ ಮಾತು ಬಂದದ್ದರಿಂದ ಇದೊಂದು: ಅಜ್ಜಿಯೂ ಮನೆಮಂದಿಯೇ ಆದರೆ ಭಾಷೆ ಮುಖ್ಯ. ಡಬ್ಬಿಂಗ್ ಕುರಿತು ಕನ್ನಡದಲ್ಲಿ ದೀರ್ಘ ಜಗಳವೇ ನಡೆದಿದೆ. ಅದೇನೇ ಇರಲಿ, 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದ ಚಿತ್ರಮಂದಿರಗಳಿಗೆ ಕನ್ನಡದಲ್ಲೂ ಬಂತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಜೇಡವೀರನಿದ್ದಾನೆ. ಅಮೆರಿಕದ ಹುಡುಗ ‘ಚಾಯ್ ಟೀ’ ಎಂದಾಗ, ಚಾಯ್ ಎಂದರೇ ಟೀ ಕಣಪ್ಪ ಎಂದು ಅವನು ಸಿಡುಕುತ್ತಾನೆ. ‘ನಡುಸೆಂಟರ್’ ಎಂದು ಸಲೀಸಾಗಿ ಹೇಳುವ ನಮಗೂ ಆ ಏಟು ಕೊಂಚ ತಾಗುತ್ತದೆ.